ಮಾಂತ್ರಿಕ ನಂಬಿಕೆ ಮತ್ತು ಮಾನವ ಮನಸ್ಸು

ಮಾತು, ನೋಟ, ಸ್ಪರ್ಶ, ಸಂಕೇತ ಅಥವಾ ಬರಿಯ ಸಂಕಲ್ಪದಿಂದಲೇ, ನಡುವೆ ಯಾವ ಭೌತಿಕ ಕಾರಣವೂ ಇಲ್ಲದೆ, ಹೊರಗಿನ ಜಗತ್ತಿನಲ್ಲಿ ಒಳಿತನ್ನೋ ಕೆಡುಕನ್ನೋ ಉಂಟುಮಾಡಬಹುದೆಂಬ ನಂಬಿಕೆಯನ್ನು ಮಾಂತ್ರಿಕ ನಂಬಿಕೆ ಎನ್ನುತ್ತಾರೆ. ಕನ್ನಡದ ಮಾಟ, ಮಂತ್ರ, ಮದ್ದು, ದೃಷ್ಟಿ, ಗಾಳಿ, ತಾಯಿತ, ಯಂತ್ರ, ಶಕುನ ಎಂಬ ಮಾತುಗಳು ಇದರ ಬೇರೆ ಬೇರೆ ಮುಖಗಳನ್ನು ಹೆಸರಿಸುತ್ತವೆ. ತಂತ್ರಗ್ರಂಥಗಳು ಇದೇ ಕ್ಷೇತ್ರವನ್ನು ಶಾಂತಿ, ವಶ್ಯ, ಸ್ತಂಭನ, ವಿದ್ವೇಷಣ, ಉಚ್ಚಾಟನ, ಮಾರಣ ಎಂಬ ಷಟ್ಕರ್ಮಗಳಾಗಿ ವಿಂಗಡಿಸುತ್ತವೆ. ಪ್ರೇಕ್ಷಕರ ಕಣ್ಣನ್ನು ವಂಚಿಸಿ ರಂಜಿಸುವ ಜಾದೂ ಅಥವಾ ಕಣ್ಕಟ್ಟು ಇದಕ್ಕಿಂತ ಬೇರೆಯಾದುದು. ಧರ್ಮದಿಂದ ಇದನ್ನು ಬೇರ್ಪಡಿಸುವುದು ಮಾತ್ರ ಅಷ್ಟು ಸುಲಭವಲ್ಲ. ಪ್ರಾರ್ಥನೆ ಬೇಡಿಕೊಳ್ಳುತ್ತದೆ, ಮಾಟ ಕಟ್ಟಿಹಾಕುತ್ತದೆ ಎಂದು ಹಳೆಯ ವಿದ್ವಾಂಸರು ಗೆರೆ ಎಳೆದರಾದರೂ, ದೇವಿಯ ಗುಡಿಯಲ್ಲಿ ಪೂಜೆಗೊಂಡ ನಿಂಬೆಹಣ್ಣೇ ಮನೆಯ ಹೊಸ್ತಿಲಿಗೆ ಬಂದು ಕಾವಲು ಕೂರುವ ಸಮಾಜದಲ್ಲಿ ಆ ಗೆರೆ ಬಹಳ ದೂರ ಸಾಗುವುದಿಲ್ಲ.

ಈ ವಿಷಯದ ಆಧುನಿಕ ಅಧ್ಯಯನ ಇಂಗ್ಲೆಂಡಿನ ಮಾನವಶಾಸ್ತ್ರಜ್ಞ ಎಡ್ವರ್ಡ್ ಟೈಲರ್‌ನ 1871ರ ‘ಪ್ರಿಮಿಟಿವ್ ಕಲ್ಚರ್’ ಗ್ರಂಥದಿಂದಲೂ, 1890ರಲ್ಲಿ ಮೊದಲು ಪ್ರಕಟವಾಗಿ ಮುಂದೆ ಹನ್ನೆರಡು ಸಂಪುಟಗಳಿಗೆ ಬೆಳೆದ ಜೇಮ್ಸ್ ಫ್ರೇಜರನ ‘ದಿ ಗೋಲ್ಡನ್ ಬೌ’ ಗ್ರಂಥದಿಂದಲೂ ಆರಂಭವಾಯಿತು. ಜಗತ್ತಿನ ನಾನಾ ಕಡೆಯ ವಿಧಿಗಳನ್ನು ಹೋಲಿಸಿ ನೋಡಿದ ಫ್ರೇಜರ್, ಅವೆಲ್ಲವೂ ಎರಡು ನಿಯಮಗಳ ಮೇಲೆ ನಿಂತಿವೆಯೆಂದು ವಾದಿಸಿದ. ಸಮಾನವಾದುದು ಸಮಾನವಾದುದನ್ನು ಹುಟ್ಟಿಸುತ್ತದೆ ಎಂಬುದು ಸಾಮ್ಯದ ನಿಯಮ. ಒಮ್ಮೆ ಕೂಡಿದ್ದ ವಸ್ತುಗಳು ಬೇರೆಯಾದ ಮೇಲೂ ಒಂದರ ಮೇಲೊಂದು ಪ್ರಭಾವ ಬೀರುತ್ತಲೇ ಇರುತ್ತವೆ ಎಂಬುದು ಸಂಪರ್ಕದ ನಿಯಮ. ಶತ್ರುವಿನ ಗೊಂಬೆ ಮಾಡಿ ಮುಳ್ಳು ಚುಚ್ಚುವುದು ಮೊದಲನೆಯದಕ್ಕೆ ನಿದರ್ಶನವಾದರೆ, ಅವನ ಕೂದಲು, ಉಗುರು, ಹೆಜ್ಜೆಯ ಮಣ್ಣನ್ನು ಸಂಗ್ರಹಿಸುವುದು ಎರಡನೆಯದಕ್ಕೆ ನಿದರ್ಶನ. ಭಾರತದಲ್ಲಿ ಸಾಮ್ಯದ ನಿಯಮಕ್ಕೆ ಬಹಳ ಹಳೆಯ ಸಾಕ್ಷ್ಯ ಅಥರ್ವವೇದದಲ್ಲಿದೆ. ಕಾಮಾಲೆಯನ್ನು ಕುರಿತ ಅಲ್ಲಿನ ಒಂದು ಸೂಕ್ತದಲ್ಲಿ ರೋಗಿಯ ಹಳದಿ ಬಣ್ಣವನ್ನು ಗಿಳಿ ಮೊದಲಾದ ಹಕ್ಕಿಗಳಿಗೆ ಕಳುಹಿಸಿ, ಕೆಂಪು ಹಸುಗಳ ಬಣ್ಣವನ್ನು ರೋಗಿಯ ಮೈಗೆ ಹೊದಿಸಲಾಗುತ್ತದೆ. ರೋಗವನ್ನು ಅದರ ಬಣ್ಣವೆಂದೇ ಗ್ರಹಿಸಿ, ಆ ಬಣ್ಣಕ್ಕೆ ಅದರದೇ ತವರನ್ನು ಹುಡುಕಿ ಕಳುಹಿಸಿಕೊಡುವ ಈ ಕಲ್ಪನೆ ವೈದ್ಯವೂ ಹೌದು, ಕಾವ್ಯವೂ ಹೌದು.

ಕರ್ನಾಟಕದ ಮನೆಗಳಲ್ಲಿ ಇಂದಿಗೂ ನಡೆಯುವ ದೃಷ್ಟಿ ತೆಗೆಯುವ ವಿಧಿಯಲ್ಲಿ ಈ ಎರಡು ನಿಯಮಗಳೂ ಒಟ್ಟಿಗೆ ಕೆಲಸ ಮಾಡುತ್ತವೆ. ಹಾಲು ಕುಡಿಯದೆ ರಚ್ಚೆ ಹಿಡಿದ ಮಗುವಿನ ಮುಂದೆ ಮನೆಯ ಹಿರಿಯ ಹೆಂಗಸು ಉಪ್ಪು, ಸಾಸಿವೆ, ಒಣಮೆಣಸಿನಕಾಯಿಗಳನ್ನು ಮುಷ್ಟಿಯಲ್ಲಿ ಹಿಡಿದು, ತಲೆಯಿಂದ ಪಾದದವರೆಗೆ ಮೂರು ಸಲ ನಿವಾಳಿಸಿ, ಮನೆಯವರ, ಕೇರಿಯವರ, ಊರವರ ಕಣ್ಣುಗಳನ್ನೆಲ್ಲ ಹೆಸರಿಸಿ, ಹಿಂದಿರುಗಿ ನೋಡದೆ ಒಲೆಗೆ ಹಾಕುತ್ತಾಳೆ. ಉರಿಯುವ ಕಣ್ಣಿಗೆ ಉರಿಯುವ ಮೆಣಸಿನಕಾಯಿ ಸಾಟಿಯಾಗುತ್ತದೆ. ನಿವಾಳಿಸಿದಾಗ ಮಗುವಿಗೆ ಅಂಟಿದ್ದು ಮುಷ್ಟಿಗೆ ಬಂದು ಬೆಂಕಿಯಲ್ಲಿ ಸಿಡಿದು ಮುಗಿಯುತ್ತದೆ. ಮೆಣಸಿನಕಾಯಿ ಸುಟ್ಟರೂ ಘಾಟು ಬಾರದಿದ್ದರೆ ದೃಷ್ಟಿ ಬಲವಾಗಿಯೇ ತಾಗಿತ್ತೆಂದು ಅರ್ಥಮಾಡುತ್ತಾರೆ. ಘಾಟು ಬಂದರೆ ತಾಗಿದ್ದು ಅಲ್ಪವೆಂದೋ, ಕಳೆಯಿತೆಂದೋ ಸಮಾಧಾನ. ಯಾವ ಫಲ ಬಂದರೂ ವಿಧಿಯ ಮೇಲಿನ ವಿಶ್ವಾಸ ಕದಲದಂತೆ ಪರೀಕ್ಷೆಯೇ ರಚಿತವಾಗಿದೆ. ಅದೇ ಹೊತ್ತಿಗೆ ಆ ಹೆಂಗಸಿನ ಕೈ ನಡುಗುವುದು ನಿಲ್ಲುತ್ತದೆ, ತಾಯಿ ಉಸಿರು ಬಿಡುತ್ತಾಳೆ, ಎಲ್ಲರ ಗಮನವನ್ನೂ ಸೆಳೆದುಕೊಂಡ ಮಗು ಎಷ್ಟೋ ಸಲ ಅಳು ನಿಲ್ಲಿಸುತ್ತದೆ ಎಂಬುದನ್ನೂ ಅಧ್ಯಯನಕಾರರು ಮರೆಯಬಾರದು.

ಫ್ರೇಜರನ ದೃಷ್ಟಿಯಲ್ಲಿ ಮಾಟವೆಂದರೆ ತಪ್ಪಿಹೋದ ವಿಜ್ಞಾನ. ಮನುಷ್ಯನ ಮನಸ್ಸು ಮಾಟದಿಂದ ಧರ್ಮಕ್ಕೆ, ಧರ್ಮದಿಂದ ವಿಜ್ಞಾನಕ್ಕೆ ಏರುತ್ತ ಬಂದಿದೆ. ಫ್ರಾನ್ಸಿನ ಲ್ಯೂಸಿಯನ್ ಲೆವಿ-ಬ್ರೂಲ್ 1910ರಲ್ಲಿ ಇನ್ನೂ ಮುಂದೆ ಹೋಗಿ, ಬುಡಕಟ್ಟು ಜನರ ಮನಸ್ಸೇ ತರ್ಕಪೂರ್ವವಾದದ್ದೆಂದು ಹೇಳಿದ. ತನ್ನ ಕೊನೆಯ ವರ್ಷಗಳಲ್ಲಿ ಬರೆದಿಟ್ಟ, ಮರಣಾನಂತರ 1949ರಲ್ಲಿ ಪ್ರಕಟವಾದ ಟಿಪ್ಪಣಿಗಳಲ್ಲಿ ಅವನೇ ಆ ಅಭಿಪ್ರಾಯವನ್ನು ಬಿಟ್ಟುಕೊಟ್ಟು, ಇಂಥ ಚಿಂತನೆ ಎಲ್ಲ ಮನುಷ್ಯರ ಮನಸ್ಸಿನಲ್ಲೂ ಹೆಚ್ಚುಕಡಿಮೆ ಇರುತ್ತದೆಂದು ಒಪ್ಪಿಕೊಂಡ. ಈ ತಿದ್ದುಪಡಿಯನ್ನು ಮುಂದಿನ ಪ್ರಯೋಗಗಳು ಎತ್ತಿಹಿಡಿದಿವೆ. ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಪಾಲ್ ರೋಜಿನ್ ಮತ್ತು ಅವನ ಸಹೋದ್ಯೋಗಿಗಳು 1986ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎರಡು ಖಾಲಿ ಬಾಟಲಿಗಳಿಗೆ ವಿದ್ಯಾರ್ಥಿಗಳ ಎದುರಿನಲ್ಲೇ ಸಕ್ಕರೆ ಸುರಿದು, ಒಂದಕ್ಕೆ ಸಕ್ಕರೆಯೆಂದೂ ಇನ್ನೊಂದಕ್ಕೆ ಸೋಡಿಯಂ ಸೈನೈಡ್ ಎಂದೂ ಬರೆದ ಚೀಟಿಗಳನ್ನು ಅವರ ಕೈಯಿಂದಲೇ ಅಂಟಿಸಲಾಯಿತು. ಎರಡರಲ್ಲೂ ಸಕ್ಕರೆಯೇ ಇದೆಯೆಂದು ಸಂಪೂರ್ಣವಾಗಿ ತಿಳಿದಿದ್ದರೂ, ಎರಡನೆಯ ಬಾಟಲಿಯಿಂದ ಮಾಡಿದ ಪಾನಕವನ್ನು ಕುಡಿಯಲು ಅವರು ಹಿಂಜರಿದರು. ಕ್ರಿಮಿಶುದ್ಧಿ ಮಾಡಿದ ಸತ್ತ ಜಿರಳೆಯನ್ನು ಒಮ್ಮೆ ಅದ್ದಿ ತೆಗೆದ ಹಣ್ಣಿನ ರಸವನ್ನೂ ಅವರು ಮುಟ್ಟಲು ಬಯಸಲಿಲ್ಲ. ಹೆಸರೇ ವಸ್ತುವಾಗುವುದು, ಸೋಕಿದ್ದು ಸೋಕಿದ್ದಾಗಿಯೇ ಉಳಿಯುವುದು—ಫ್ರೇಜರ್ ದೂರದ ದ್ವೀಪಗಳಲ್ಲಿ ಹುಡುಕಿದ ಎರಡೂ ನಿಯಮಗಳು ವಿಶ್ವವಿದ್ಯಾಲಯದ ಕೊಠಡಿಯಲ್ಲೇ ಸಿಕ್ಕಿದವು. ಅಸ್ಪೃಶ್ಯತೆಯನ್ನು ಕಂಡಿರುವ ಸಮಾಜಕ್ಕೆ ಈ ಎರಡನೆಯ ನಿಯಮದ ಬಲವನ್ನು ಬಿಡಿಸಿ ಹೇಳಬೇಕಾಗಿಲ್ಲ. ಮುಟ್ಟಿದ ನೀರು ಮೈಲಿಗೆಯಾಗುತ್ತದೆಂಬ ಭಾವನೆಯ ಹಿಂದೆ ಅಧಿಕಾರದ ಚರಿತ್ರೆಯಿದೆ, ಆದರೆ ಆ ಅಧಿಕಾರ ಬಳಸಿಕೊಂಡದ್ದು ಮನಸ್ಸಿನ ಈ ಸಹಜ ಒಲವನ್ನೇ.

ಮಾತು ಮತ್ತು ವಸ್ತುವಿನ ಬೆಸುಗೆ ಕನ್ನಡದ ದಿನಬಳಕೆಯಲ್ಲಿ ಎಷ್ಟು ಆಳವಾಗಿ ಇಳಿದಿದೆಯೆಂದರೆ ಅದು ನಂಬಿಕೆಯೆಂದೇ ಅನ್ನಿಸುವುದಿಲ್ಲ. ಯಾರಾದರೂ ಅಶುಭ ನುಡಿದರೆ ಹಿರಿಯರು ಕೂಡಲೇ ‘ಬಿಡ್ತು ಅನ್ನು’ ಎನ್ನುತ್ತಾರೆ. ಆಡಿದ ಮಾತು ಆಗಿಯೇಬಿಡುವ ಮುನ್ನ ಅದನ್ನು ಇನ್ನೊಂದು ಮಾತಿನಿಂದ ಕತ್ತರಿಸಬೇಕು. ಅಸ್ತು ದೇವತೆಗಳು ಸದಾ ಸಂಚರಿಸುತ್ತಿದ್ದು ಕೇಳಿಸಿದ್ದಕ್ಕೆಲ್ಲ ‘ಅಸ್ತು’ ಎಂದುಬಿಡುತ್ತಾರೆಂಬ ಕಲ್ಪನೆ ಈ ಭಯಕ್ಕೆ ಆಕಾರ ಕೊಟ್ಟಿದೆ. ಮನೆಯಿಂದ ಹೊರಡುವವರು ಹೋಗುತ್ತೇನೆ ಎನ್ನದೆ ಹೋಗಿಬರುತ್ತೇನೆ ಎನ್ನುತ್ತಾರೆ. ದೀಪವನ್ನು ಆರಿಸುವುದಿಲ್ಲ, ಶಾಂತ ಮಾಡುತ್ತಾರೆ. ಡಬ್ಬಿಯ ಅಕ್ಕಿ ಮುಗಿಯುವುದಿಲ್ಲ, ಹೆಚ್ಚುತ್ತದೆ. ಹಾವು ಕಚ್ಚಿತು ಎನ್ನುವ ಬದಲು ಹುಳ ಮುಟ್ಟಿತು ಎನ್ನುವುದು, ಸಿಡುಬನ್ನು ಅಮ್ಮ ಎಂದು ಕರೆಯುವುದು ಇವೆಲ್ಲ ಹೆಸರು ಹಿಡಿದು ಕರೆದರೆ ಬಂದೀತೆಂಬ ಅಂಜಿಕೆಯಿಂದ ಹುಟ್ಟಿದ ನುಡಿಗಟ್ಟುಗಳು. ಇವುಗಳನ್ನಾಡುವ ಬಹುಮಂದಿಯನ್ನು ನಿಲ್ಲಿಸಿ ಕೇಳಿದರೆ ಮಾತಿನಿಂದ ಏನೂ ಆಗುವುದಿಲ್ಲವೆಂದೇ ಹೇಳಿಯಾರು. ಆದರೂ ‘ಬಿಡ್ತು’ ಎನ್ನದೆ ಇರಲಾರರು. ಅಮೆರಿಕದ ಮನೋವಿಜ್ಞಾನಿ ಜೇನ್ ರೈಸನ್ 2016ರಲ್ಲಿ ಮಂಡಿಸಿದ ವಿವರಣೆಯ ಪ್ರಕಾರ, ತನ್ನ ಅನ್ನಿಸಿಕೆ ತರ್ಕಕ್ಕೆ ನಿಲ್ಲುವುದಿಲ್ಲವೆಂದು ಗುರುತಿಸುವುದು ಮನಸ್ಸಿನ ಒಂದು ಕೆಲಸ, ಗುರುತಿಸಿದ ಮೇಲೆ ಅದನ್ನು ತಿದ್ದುವುದು ಇನ್ನೊಂದು ಕೆಲಸ. ಮೊದಲನೆಯದು ನಡೆದರೂ ಎರಡನೆಯದು ನಡೆಯದೆ ಹೋಗಬಹುದು. ವಿದ್ಯಾಭ್ಯಾಸ ಮಾಂತ್ರಿಕ ನಂಬಿಕೆಯನ್ನು ಏಕೆ ಪೂರ್ತಿಯಾಗಿ ತೊಡೆದುಹಾಕುವುದಿಲ್ಲ ಎಂಬ ಹಳೆಯ ಪ್ರಶ್ನೆಗೆ ಈವರೆಗೆ ಬಂದಿರುವ ಉತ್ತರಗಳಲ್ಲಿ ಇದು ಹೆಚ್ಚು ತೃಪ್ತಿಕರವಾದುದು.

ಸಿಗ್ಮಂಡ್ ಫ್ರಾಯ್ಡ್ 1913ರ ‘ಟೋಟೆಮ್ ಅಂಡ್ ಟಾಬೂ’ ಕೃತಿಯಲ್ಲಿ ಮಾಂತ್ರಿಕ ನಂಬಿಕೆಯ ಮೂಲವನ್ನು ಆಲೋಚನೆಗೆ ಸರ್ವಶಕ್ತಿಯಿದೆಯೆಂಬ ಶೈಶವದ ಭಾವನೆಯಲ್ಲಿ ಗುರುತಿಸಿದ. ಸ್ವಿಟ್ಜರ್ಲೆಂಡಿನ ಜೀನ್ ಪಿಯಾಜೆ 1920ರ ದಶಕದಲ್ಲಿ ಮಕ್ಕಳೊಡನೆ ನಡೆಸಿದ ಸಂಭಾಷಣೆಗಳಲ್ಲಿ, ಚಂದ್ರ ತಮ್ಮ ಹಿಂದೆಯೇ ನಡೆದುಬರುತ್ತಾನೆಂದು ಅವರು ನಂಬುವುದನ್ನು ದಾಖಲಿಸಿ, ಒಳಗಿನ ಮನಸ್ಸಿಗೂ ಹೊರಗಿನ ಜಗತ್ತಿಗೂ ನಡುವಣ ಎಲ್ಲೆ ನಿಧಾನವಾಗಿ ರೂಪುಗೊಳ್ಳುವಂಥದೆಂದು ತೋರಿಸಿದ. ಕೆಟ್ಟದ್ದನ್ನು ಯೋಚಿಸಿದರೆ ಅದು ನಡೆದೇ ನಡೆಯುತ್ತದೆಂಬ ಭಾವನೆ ಗೀಳು ಮನೋರೋಗದಲ್ಲಿ ಸಹಿಸಲಾಗದಷ್ಟು ತೀವ್ರಗೊಳ್ಳುವುದನ್ನು ಮನೋವೈದ್ಯರು ಬಲ್ಲರು. ಆದರೆ ಇದರಿಂದ ಮಾಂತ್ರಿಕ ನಂಬಿಕೆಯೇ ಒಂದು ರೋಗ ಅಥವಾ ಬೆಳೆಯದ ಮನಸ್ಸಿನ ಗುರುತು ಎಂದು ತೀರ್ಮಾನಿಸುವುದು ತಪ್ಪಾಗುತ್ತದೆ.

ಅದು ಯಾವಾಗ ತಲೆಯೆತ್ತುತ್ತದೆ ಎಂಬ ಪ್ರಶ್ನೆಗೆ ಬಹುಕಾಲ ನಿಂತ ಉತ್ತರ ಕೊಟ್ಟವನು ಮಾನವಶಾಸ್ತ್ರಜ್ಞ ಬ್ರೋನಿಸ್ಲಾವ್ ಮಾಲಿನೋವ್‌ಸ್ಕಿ. 1915ರಿಂದ 1918ರ ನಡುವೆ ಪಾಪುವಾ ನ್ಯೂಗಿನಿಯ ಟ್ರೋಬ್ರಿಯಾಂಡ್ ದ್ವೀಪಗಳಲ್ಲಿ ಬದುಕಿದ ಅವನು, ಅಲ್ಲಿನವರು ಒಳಕಡಲಿನ ನಿಶ್ಚಲ ನೀರಿನಲ್ಲಿ ಬೇರಿನ ವಿಷ ಹಾಕಿ ಮೀನು ಹಿಡಿಯುವಾಗ ಮಂತ್ರವನ್ನೇ ಬಳಸುವುದಿಲ್ಲವೆಂದೂ, ಅಪಾಯವೂ ಅನಿಶ್ಚಿತತೆಯೂ ತುಂಬಿದ ತೆರೆದ ಕಡಲಿಗೆ ಇಳಿಯುವಾಗ ಹೆಜ್ಜೆಹೆಜ್ಜೆಗೂ ವಿಧಿಗಳನ್ನು ನಡೆಸುತ್ತಾರೆಂದೂ ಗಮನಿಸಿದ. ಗೆಣಸಿನ ತೋಟಕ್ಕೆ ಮಂತ್ರ ಹಾಕುವ ದ್ವೀಪವಾಸಿಗೆ ಮಣ್ಣು, ಬೀಜ, ಕಳೆಗಳ ಬಗ್ಗೆ ನಿಖರವಾದ ತಿಳಿವಳಿಕೆಯಿತ್ತು. ಮಂತ್ರವೊಂದರಿಂದಲೇ ಬೆಳೆ ತೆಗೆಯಬಹುದೆಂದು ಅವನು ಎಂದೂ ಭಾವಿಸಲಿಲ್ಲ. ಹೊಸ ಕಾರಿಗೆ ವಿಮೆ ಕಟ್ಟಿಸಿ, ಬ್ರೇಕು ಪರೀಕ್ಷಿಸಿ, ಆಮೇಲೆ ಚಕ್ರದಡಿ ನಿಂಬೆಹಣ್ಣು ಇಟ್ಟು ಹೊರಡುವವರ ಮನಸ್ಸು ಇದಕ್ಕಿಂತ ಬೇರೆಯಲ್ಲ: ಕೈಗೆ ಎಟುಕುವಷ್ಟನ್ನು ತಿಳಿವಳಿಕೆಗೆ ಬಿಟ್ಟು, ಎಟುಕದ ಉಳಿಕೆಗೆ ವಿಧಿಯನ್ನು ಮೀಸಲಿಡಲಾಗಿದೆ. ಅಮೆರಿಕದ ಬೇಸ್‌ಬಾಲ್ ಆಟದಲ್ಲಿ ಅದೃಷ್ಟದ ಪಾತ್ರ ಹೆಚ್ಚಿರುವ ಚೆಂಡೆಸೆತ ಮತ್ತು ಬ್ಯಾಟಿಂಗುಗಳ ಸುತ್ತ ನಾನಾ ಆಚರಣೆಗಳು ಹುಟ್ಟಿಕೊಂಡಿದ್ದರೂ, ವೈಫಲ್ಯ ಅಪರೂಪವಾದ ಕ್ಷೇತ್ರರಕ್ಷಣೆಯ ಸುತ್ತ ಅವು ಬಹಳ ಕಡಮೆಯೆಂದು ಜಾರ್ಜ್ ಮೆಲ್ಚ್ 1971ರಲ್ಲಿ ತೋರಿಸಿದ. 1991ರ ಕೊಲ್ಲಿ ಯುದ್ಧದಲ್ಲಿ ಇರಾಕಿನ ಕ್ಷಿಪಣಿಗಳು ಇಸ್ರೇಲಿನ ಮೇಲೆ ಬೀಳುತ್ತಿದ್ದಾಗ, ದಾಳಿಗೆ ಒಳಗಾಗಬಹುದಾದ ಊರುಗಳವರಲ್ಲಿ, ಮೊಹರು ಮಾಡಿದ ಕೋಣೆಗೆ ಬಲಗಾಲಿಟ್ಟು ಹೋಗುವುದು ಕ್ಷೇಮವೆಂಬಂಥ ಭಾವನೆಗಳು ಸುರಕ್ಷಿತ ಊರುಗಳವರಿಗಿಂತ ಹೆಚ್ಚಾಗಿದ್ದುದನ್ನು ಗಿಯೋರಾ ಕೈನನ್ ದಾಖಲಿಸಿದ್ದಾನೆ. ಪರಿಸ್ಥಿತಿಯ ಮೇಲೆ ಹಿಡಿತ ತಪ್ಪಿದೆಯೆಂಬ ಅನುಭವಕ್ಕೆ ಒಳಪಡಿಸಿದವರು ಅರ್ಥವಿಲ್ಲದ ಚುಕ್ಕೆಗಳಲ್ಲೂ ಇಲ್ಲದ ಆಕೃತಿಗಳನ್ನು ಕಾಣುತ್ತಾರೆಂದು 2008ರಲ್ಲಿ ಪ್ರಕಟವಾದ ಜೆನಿಫರ್ ವಿಟ್ಸನ್ ಮತ್ತು ಆಡಮ್ ಗ್ಯಾಲಿನ್ಸ್ಕಿಯವರ ಪ್ರಯೋಗಗಳು ಹೇಳಿದವು. ಎ. ಆರ್. ರ‍್ಯಾಡ್‌ಕ್ಲಿಫ್-ಬ್ರೌನ್ 1939ರಲ್ಲೇ ಎತ್ತಿದ ಆಕ್ಷೇಪವನ್ನು ಮಾತ್ರ ಇಲ್ಲಿ ನೆನೆಯಬೇಕು: ವಿಧಿ ಆತಂಕವನ್ನು ಕಳೆಯುವಂತೆಯೇ ಆತಂಕವನ್ನು ಹುಟ್ಟಿಸಲೂಬಲ್ಲದು, ವಿಧಿಯೇ ಇಲ್ಲದಿದ್ದರೆ ಅದನ್ನು ತಪ್ಪಿಸಿದೆನೆಂಬ ಅಂಜಿಕೆಯೂ ಇರುತ್ತಿರಲಿಲ್ಲ. ತತ್ತ್ವಜ್ಞಾನಿ ಲುಡ್ವಿಗ್ ವಿಟ್ಗೆನ್‌ಸ್ಟೈನನ ಆಕ್ಷೇಪ ಬೇರೆ ಬಗೆಯದು. ಪ್ರಿಯರ ಭಾವಚಿತ್ರಕ್ಕೆ ಮುತ್ತಿಡುವವರು ಅದರಿಂದ ಯಾವ ಫಲವನ್ನೂ ನಿರೀಕ್ಷಿಸುವುದಿಲ್ಲ. ಹಾಗೆಯೇ ಅನೇಕ ವಿಧಿಗಳು ಏನನ್ನೋ ಸಾಧಿಸುವ ಉಪಾಯಗಳಾಗಿರದೆ ಮನಸ್ಸಿನ ಅಭಿವ್ಯಕ್ತಿಯಷ್ಟೇ ಆಗಿರಬಹುದು.

ವಿಧಿ ಒಮ್ಮೆ ಅಂಟಿಕೊಂಡ ಮೇಲೆ ಬಿಡದಿರಲು ಕಾರಣವೇನು? ಮನೋವಿಜ್ಞಾನಿ ಬಿ. ಎಫ್. ಸ್ಕಿನ್ನರ್ 1948ರಲ್ಲಿ ಹಸಿದ ಎಂಟು ಪಾರಿವಾಳಗಳನ್ನು ಗೂಡಿನಲ್ಲಿಟ್ಟು, ಅವು ಏನು ಮಾಡಿದರೂ ಮಾಡದಿದ್ದರೂ ನಿಯತ ಅಂತರದಲ್ಲಿ ಕಾಳು ಬರುವಂತೆ ಏರ್ಪಡಿಸಿದ. ಕಾಳು ಬಂದ ಗಳಿಗೆಯಲ್ಲಿ ಮಾಡುತ್ತಿದ್ದುದನ್ನೇ ಮತ್ತೆ ಮತ್ತೆ ಮಾಡುತ್ತ ಒಂದು ಹಕ್ಕಿ ಗೂಡಿನಲ್ಲಿ ಸುತ್ತತೊಡಗಿತು, ಇನ್ನೊಂದು ಮೂಲೆಗೆ ತಲೆ ಚಾಚತೊಡಗಿತು. ಒಟ್ಟು ಆರು ಹಕ್ಕಿಗಳಲ್ಲಿ ಇಂಥ ಚರ್ಯೆ ಸ್ಪಷ್ಟವಾಗಿ ಕಂಡಿತು. ಈ ಚರ್ಯೆಗಳಲ್ಲಿ ಬಹಳಷ್ಟು ಆಹಾರ ನಿರೀಕ್ಷಿಸುವ ಹಕ್ಕಿಯ ಸಹಜ ಚಲನೆಗಳೇ ಎಂದು 1971ರಲ್ಲಿ ಜಾನ್ ಸ್ಟ್ಯಾಡನ್ ಮತ್ತು ವರ್ಜೀನಿಯಾ ಸಿಮಲ್‌ಹ್ಯಾಗ್ ತಿದ್ದಿದರು. ಜಪಾನಿನ ಕೊಯಿಚಿ ಓನೊ 1987ರಲ್ಲಿ ಇಪ್ಪತ್ತು ವಿದ್ಯಾರ್ಥಿಗಳ ಮೇಲೆ ಇದೇ ಬಗೆಯ ಪ್ರಯೋಗ ನಡೆಸಿದಾಗ, ಅಂಕಗಳು ತಾವಾಗಿಯೇ ಏರುತ್ತಿದ್ದರೂ ಅವರಲ್ಲೊಬ್ಬರು ಹಾರಿಹಾರಿ ಚಾವಣಿಯನ್ನು ಮುಟ್ಟುವವರೆಗೆ ಹೋದರು. ಫಲಿಸಿದ್ದು ಮಾತ್ರ ನೆನಪಿನಲ್ಲಿ ಉಳಿಯುವುದು ಇದಕ್ಕಿಂತ ದೊಡ್ಡ ಕಾರಣ. ಹರಕೆ ಹೊತ್ತು ಹಡಗು ದುರಂತದಿಂದ ಪಾರಾದವರ ಚಿತ್ರಗಳನ್ನು ಗುಡಿಯ ಗೋಡೆಯ ಮೇಲೆ ತೋರಿಸಿದಾಗ, ಹರಕೆ ಹೊತ್ತೂ ಮುಳುಗಿದವರ ಚಿತ್ರಗಳೆಲ್ಲಿ ಎಂದು ಕೇಳಿದವನ ಪ್ರಾಚೀನ ಕಥೆಯನ್ನು ಫ್ರಾನ್ಸಿಸ್ ಬೇಕನ್ 1620ರಲ್ಲಿ ಈ ದೋಷಕ್ಕೆ ನಿದರ್ಶನವಾಗಿ ಬಳಸಿದ್ದಾನೆ.

ಮನಸ್ಸಿನ ಇನ್ನೊಂದು ಒಲವು ಇಲ್ಲಿ ಸೇರಿಕೊಂಡಾಗ ವಿಷಯ ಗಂಭೀರವಾಗುತ್ತದೆ. ಚಲಿಸುವುದರ ಹಿಂದೆ, ಘಟಿಸುವುದರ ಹಿಂದೆ ಒಂದು ಮನಸ್ಸನ್ನು ಕಾಣುವುದು ಮನುಷ್ಯರಿಗೆ ಸಹಜ. ಫ್ರಿಟ್ಸ್ ಹೈಡರ್ ಮತ್ತು ಮರಿಯಾನ್ ಸಿಮೆಲ್ 1944ರಲ್ಲಿ ತ್ರಿಕೋನ, ವೃತ್ತಗಳು ಓಡಾಡುವ ಪುಟ್ಟ ಚಲನಚಿತ್ರವನ್ನು 34 ಮಂದಿಗೆ ತೋರಿಸಿ, ಕಂಡದ್ದನ್ನು ಬರೆಯಲು ಹೇಳಿದಾಗ ಒಬ್ಬರ ಹೊರತು ಉಳಿದವರೆಲ್ಲ ಜಗಳ, ಬೆನ್ನಟ್ಟುವಿಕೆಗಳ ಭಾಷೆಯಲ್ಲಿ, ಜೀವವುಳ್ಳವರ ಕಥೆಯಾಗಿ ಬರೆದರು. 1990ರ ದಶಕದಲ್ಲಿ ಬೆಂಗಳೂರು ಮತ್ತು ಸುತ್ತಣ ಊರುಗಳಲ್ಲಿ, ರಾತ್ರಿ ಬಾಗಿಲು ತಟ್ಟಿ ಕರೆಯುವ ದೆವ್ವಕ್ಕೆ ಅಂಜಿ ಜನ ಬಾಗಿಲುಗಳ ಮೇಲೆ ‘ನಾಳೆ ಬಾ’ ಎಂದು ಬರೆದರು. ಆ ದೆವ್ವಕ್ಕೆ ಓದು ಬರುತ್ತದೆ, ಬರೆದದ್ದನ್ನು ಅದು ಮನ್ನಿಸುತ್ತದೆ, ಮರುದಿನ ಬಂದು ಮತ್ತೆ ಓದಿಕೊಂಡು ಹಿಂದಿರುಗುತ್ತದೆ. ಭಯ ಹುಟ್ಟಿಸಿದ ಆ ಜೀವಿಗೆ ನೆರೆಯವರ ಮನಸ್ಸನ್ನೇ ಕೊಡಲಾಗಿತ್ತು.

ದಕ್ಷಿಣ ಸುಡಾನಿನ ಅಜಾಂದೆ ಜನರ ಬಗ್ಗೆ ಇ. ಇ. ಇವಾನ್ಸ್-ಪ್ರಿಚರ್ಡ್ 1937ರಲ್ಲಿ ಪ್ರಕಟಿಸಿದ ಗ್ರಂಥ ಈ ತರ್ಕದ ಅತ್ಯಂತ ಸ್ಪಷ್ಟ ಚಿತ್ರವನ್ನು ಕೊಡುತ್ತದೆ. ಬಿಸಿಲಿನ ಹೊತ್ತು ಜನ ಕಣಜದ ನೆರಳಿನಲ್ಲಿ ಕೂತಿರುತ್ತಾರೆ, ಕಂಬಗಳನ್ನು ಗೆದ್ದಲು ತಿಂದು ಕಣಜ ಕುಸಿಯುತ್ತದೆ, ಕೂತವರು ಗಾಯಗೊಳ್ಳುತ್ತಾರೆ. ಗೆದ್ದಲು ತಿಂದದ್ದರಿಂದ ಕುಸಿಯಿತೆಂಬುದು ಅಜಾಂದೆಗೂ ಗೊತ್ತು. ಆದರೆ ಇವರೇ ಕೂತಿದ್ದಾಗ, ಇದೇ ಗಳಿಗೆಯಲ್ಲಿ ಏಕೆ ಕುಸಿಯಬೇಕು ಎಂಬ ಪ್ರಶ್ನೆಗೆ ಗೆದ್ದಲಿನಲ್ಲಿ ಉತ್ತರವಿಲ್ಲ. ಅಲ್ಲಿ ಮಾಟ ಬರುತ್ತದೆ. ಬೇಟೆಯಲ್ಲಿ ಮೊದಲ ಈಟಿಯ ಜೊತೆಗೆ ಪ್ರಾಣಿಯನ್ನು ಕೊಲ್ಲುವ ಎರಡನೆಯ ಈಟಿಗೆ ಅವರು ಮಾಟವನ್ನು ಹೋಲಿಸುತ್ತಾರೆ. ಯಾರು ಮಾಡಿಸಿದರೆಂದು ತಿಳಿಯಲು ಕೋಳಿಮರಿಗೆ ವಿಷವುಣಿಸಿ, ಅದು ಸಾಯುವುದರ ಅಥವಾ ಬದುಕುವುದರ ಮೂಲಕ ಉತ್ತರ ಪಡೆಯುತ್ತಾರೆ. ಉತ್ತರ ತಪ್ಪಿದರೆ ವಿಷ ಸರಿಯಿರಲಿಲ್ಲ, ಕಟ್ಟಳೆ ಮುರಿದಿತ್ತು ಎನ್ನುವ ವಿವರಣೆಗಳು ಸಿದ್ಧವಾಗಿರುತ್ತವೆ. ತಾನೂ ಮನೆಯಲ್ಲಿ ಆ ವಿಷವನ್ನಿಟ್ಟುಕೊಂಡು ಅದರ ನಿರ್ಣಯದಂತೆ ವ್ಯವಹಾರ ನಡೆಸಿದೆನೆಂದೂ, ಅದರಿಂದ ತೊಂದರೆಯೇನೂ ಆಗಲಿಲ್ಲವೆಂದೂ ಇವಾನ್ಸ್-ಪ್ರಿಚರ್ಡ್ ಬರೆದಿದ್ದಾನೆ.

‘ಹೇಗಾಯಿತು’ ಎಂಬ ಪ್ರಶ್ನೆ ‘ಯಾರು ಮಾಡಿಸಿದರು’ ಎಂದು ತಿರುಗುವ ಈ ತಿರುವಿನಲ್ಲೇ ಮಾಂತ್ರಿಕ ನಂಬಿಕೆಯ ಕ್ರೌರ್ಯ ಅಡಗಿದೆ. 15ರಿಂದ 18ನೆಯ ಶತಮಾನದವರೆಗೆ ಯೂರೋಪಿನಲ್ಲಿ ಮಾಟಗಾತಿಯರೆಂಬ ಆರೋಪದ ಮೇಲೆ ಸುಮಾರು 40,000ದಿಂದ 60,000 ಮಂದಿಗೆ ಮರಣದಂಡನೆಯಾಯಿತೆಂದು ಚರಿತ್ರಕಾರರು ಅಂದಾಜಿಸುತ್ತಾರೆ. ಅವರಲ್ಲಿ ಹೆಚ್ಚಿನವರು ಹೆಂಗಸರು. ಕೀತ್ ಥಾಮಸ್ 1971ರಲ್ಲಿ ಪ್ರಕಟಿಸಿದ ಇಂಗ್ಲೆಂಡಿನ ಅಧ್ಯಯನ ಈ ಆರೋಪಗಳ ಹಿಂದಿನ ಮನಸ್ಸನ್ನು ತೆರೆದು ತೋರಿಸಿತು. ನೆರೆಯ ಬಡ ಮುದುಕಿ ಹಾಲನ್ನೋ ಬೆಣ್ಣೆಯನ್ನೋ ಬೇಡಿ ಬರುತ್ತಾಳೆ. ಮನೆಯವರು ಇಲ್ಲವೆಂದು ಕಳುಹಿಸುತ್ತಾರೆ. ಅವಳು ಗೊಣಗುತ್ತ ಹೋಗುತ್ತಾಳೆ. ಕೆಲವು ದಿನಗಳಲ್ಲಿ ಮಗು ಕಾಯಿಲೆ ಬೀಳುತ್ತದೆ ಅಥವಾ ಹಸು ಸಾಯುತ್ತದೆ. ಕೊಡದೆ ಕಳುಹಿಸಿದ ತಪ್ಪಿತಸ್ಥ ಭಾವ ಮನೆಯವರ ಎದೆಯಲ್ಲಿ ಇರುವುದರಿಂದಲೇ ಅವಳ ಗೊಣಗಾಟ ಶಾಪವಾಗಿ ಕೇಳಿಸುತ್ತದೆ. ಅನ್ಯಾಯ ಮಾಡಿದವರ ಅಳುಕೇ ಅನ್ಯಾಯಕ್ಕೊಳಗಾದವಳ ಮೇಲೆ ದೋಷಾರೋಪವಾಗಿ ಹೊರಬರುವ ಈ ಕ್ರಮವನ್ನು ಅರಿಯದೆ ಮಾಟದ ಚರಿತ್ರೆಯನ್ನು ಅರಿಯಲಾಗದು. ಭಾರತದಲ್ಲೂ ಇಂಥ ಆರೋಪಗಳು ಒಂಟಿ ವಿಧವೆಯರ, ದುರ್ಬಲರ ಮೇಲೆ ಬೀಳುತ್ತ ಬಂದಿರುವುದರಿಂದಲೇ ಬಿಹಾರ 1999ರಲ್ಲಿ ಡಾಯಿನ್ (ಮಾಟಗಾತಿ) ಪದ್ಧತಿಯ ವಿರುದ್ಧ ಪ್ರತ್ಯೇಕ ಕಾಯಿದೆ ಮಾಡಿತು. ಕಲಬುರಗಿ, ಬೀದರ ಭಾಗಗಳಲ್ಲಿ ಬಾನಾಮತಿ ಎಂದು ಕರೆಯಲಾಗುವ ಮಾಟದಲ್ಲಿ ಮನೆಯ ಮೇಲೆ ಕಲ್ಲು ಬೀಳುವುದು, ಬಟ್ಟೆಗೆ ಬೆಂಕಿ ಹತ್ತುವುದು, ಹೆಂಗಸರು ವಿಕಾರವಾಗಿ ಕೂಗುವುದು ಮುಂತಾದವು ವರದಿಯಾಗುತ್ತಿದ್ದವು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಎಚ್. ನರಸಿಂಹಯ್ಯನವರು ಪವಾಡಗಳನ್ನೂ ಪರೀಕ್ಷೆಗೆ ಒಳಪಡಿಸಬಹುದಾದ ಮೂಢನಂಬಿಕೆಗಳನ್ನೂ ಪರಿಶೀಲಿಸಲು 1976ರಲ್ಲಿ ರಚಿಸಿದ ಸಮಿತಿ ಎತ್ತಿಕೊಂಡ ವಿಷಯಗಳಲ್ಲಿ ಇದೂ ಒಂದಾಗಿತ್ತು. ಹೇಳಿಕೊಳ್ಳಲಾಗದ ಸಂಕಟ ಮೈಯ ಮೂಲಕ ಮಾತಾಡುವುದನ್ನು ಮನೋವೈದ್ಯರು ಬಲ್ಲರು; ಅದಕ್ಕೆ ಬೇಕಾದದ್ದು ಕೇಳುವ ಕಿವಿಯೇ ಹೊರತು ಮಾಟಗಾರನೆಂದು ಬೊಟ್ಟು ಮಾಡಿ ತೋರಿಸಲು ಒಬ್ಬ ನೆರೆಯವನಲ್ಲ.

ಮಂತ್ರವಾದಿಯ ಚಿಕಿತ್ಸೆ ಕೆಲವೊಮ್ಮೆ ಫಲ ಕೊಡುವುದೂ ನಿಜ. ಕೆನಡಾದ ಪೆಸಿಫಿಕ್ ತೀರದ ಕ್ವಾಕಿಯುಟ್ಲ್ ಜನಾಂಗದ ಕ್ವೆಸಾಲಿಡ್ ಎಂಬವನ ವೃತ್ತಾಂತವನ್ನು ಫ್ರಾಂಜ್ ಬೋವಾಸ್ ಸಂಗ್ರಹಿಸಿದ್ದು, ಕ್ಲಾಡ್ ಲೆವಿ-ಸ್ಟ್ರಾಸ್ 1949ರಲ್ಲಿ ಅದನ್ನು ವಿಶ್ಲೇಷಿಸಿದ. ಮಾಂತ್ರಿಕರ ಮೋಸವನ್ನು ಬಯಲುಮಾಡಲೆಂದೇ ಕ್ವೆಸಾಲಿಡ್ ಅವರ ವಿದ್ಯೆಯನ್ನು ಕಲಿತ. ಬಾಯೊಳಗೆ ಹಕ್ಕಿಯ ಪುಕ್ಕದ ತುಣುಕನ್ನು ಬಚ್ಚಿಟ್ಟು, ನಾಲಿಗೆ ಕಚ್ಚಿ ರಕ್ತದಲ್ಲಿ ತೋಯಿಸಿ, ಇದೇ ರೋಗಿಯ ಮೈಯಿಂದ ಹೀರಿ ತೆಗೆದ ರೋಗವೆಂದು ಉಗುಳಿ ತೋರಿಸುವುದು ಅದರ ಗುಟ್ಟು. ಆದರೆ ಅವನ ಕೈಯಲ್ಲಿ ರೋಗಿಗಳು ಗುಣವಾಗತೊಡಗಿದರು, ಅವನು ಹೆಸರಾಂತ ವೈದ್ಯನಾದ, ಕ್ರಮೇಣ ಅವನ ಸಂಶಯವೇ ಮಸುಕಾಯಿತು. ಮಾಂತ್ರಿಕನ ವಿಶ್ವಾಸ, ರೋಗಿಯ ವಿಶ್ವಾಸ, ಅವರಿಬ್ಬರನ್ನೂ ಸುತ್ತುವರಿದ ಸಮುದಾಯದ ವಿಶ್ವಾಸ ಇವು ಮೂರೂ ಸೇರಿದಾಗ ಹೆಸರಿಲ್ಲದ ನೋವಿಗೆ ಹೆಸರೂ ಕಣ್ಣಿಗೆ ಕಾಣುವ ರೂಪವೂ ದೊರೆತು ಮನಸ್ಸು ಹಗುರಾಗುತ್ತದೆಂದು ಲೆವಿ-ಸ್ಟ್ರಾಸ್ ವಿವರಿಸಿದ. ಇದರ ಮರುಬದಿಯಾಗಿ, ಮಾಟಕ್ಕೆ ಗುರಿಯಾದೆನೆಂಬ ಭಯವೇ ದೇಹವನ್ನು ಕುಗ್ಗಿಸಿ ಕೊಲ್ಲಬಹುದೆಂದು ಶರೀರವಿಜ್ಞಾನಿ ವಾಲ್ಟರ್ ಕ್ಯಾನನ್ 1942ರಲ್ಲಿ ವಾದಿಸಿದ. ಅವನು ಆಧರಿಸಿದ ವರದಿಗಳಲ್ಲಿ ಹಲವು ಪರೋಕ್ಷವಾದವುಗಳಾದ್ದರಿಂದ ಆ ವಾದವನ್ನು ಎಚ್ಚರದಿಂದಲೇ ಸ್ವೀಕರಿಸಬೇಕು.

ಮನಸ್ಸಿನ ಮೂಲಕ ಬಂದ ಸಂಕಟಕ್ಕೆ ನೆರವಾಗುವ ವಿಶ್ವಾಸದ ಈ ಶಕ್ತಿಗೆ ರಕ್ತಕ್ಕಿಳಿದ ವಿಷದ ಮೇಲೆ ಯಾವ ಹಿಡಿತವೂ ಇಲ್ಲ. ಭಾರತದ ಹಾವುಗಳಲ್ಲಿ ಹೆಚ್ಚಿನವು ವಿಷರಹಿತ. ನಾಗರಹಾವು, ಕಟ್ಟುಹಾವು, ಕೊಳಕುಮಂಡಲಗಳೂ ಕೆಲವು ಸಲ ವಿಷವಿಳಿಸದೆ ಕಚ್ಚುತ್ತವೆ. ಹುಳ ಮುಟ್ಟಿದವರನ್ನು ಮಂತ್ರ ಹಾಕುವವನ ಬಳಿಗೆ ಒಯ್ದಾಗ ಅವರಲ್ಲಿ ಬಹುಮಂದಿ ಎದ್ದು ಮನೆಗೆ ಹೋಗುತ್ತಾರೆ, ಅವನ ಕೀರ್ತಿ ಸುತ್ತಣ ಹಳ್ಳಿಗಳಿಗೆ ಹಬ್ಬುತ್ತದೆ. ನಿಜವಾಗಿ ವಿಷವೇರಿದವನಿಗೆ ಪ್ರತಿವಿಷದ ಚುಚ್ಚುಮದ್ದು ಸಿಗಬೇಕಾದ ಮೊದಲ ಗಂಟೆಗಳು ಆ ಕೀರ್ತಿಯ ಬಾಗಿಲಲ್ಲೇ ಕಳೆದುಹೋಗುತ್ತವೆ. 2017ರಲ್ಲಿ ಅಂಗೀಕಾರವಾಗಿ 2020ರಲ್ಲಿ ಜಾರಿಗೆ ಬಂದ, ಅಮಾನವೀಯ ದುಷ್ಟ ಪದ್ಧತಿಗಳು ಮತ್ತು ವಾಮಾಚಾರವನ್ನು ತಡೆಯುವ ಕರ್ನಾಟಕದ ಕಾಯಿದೆ ಮನೆಯೊಳಗಿನ ಪೂಜೆ, ಪ್ರಾರ್ಥನೆಗಳಿಗೆ ಕೈಹಾಕದೆ, ದೆವ್ವ ಬಿಡಿಸುವ ನೆಪದಲ್ಲಿ ಕಟ್ಟಿಹಾಕಿ ಹೊಡೆಯುವುದನ್ನೂ, ಹಾವು, ಚೇಳು, ನಾಯಿ ಕಚ್ಚಿದವರನ್ನು ವೈದ್ಯರ ಬಳಿಗೆ ಹೋಗದಂತೆ ತಡೆದು ಮಂತ್ರ, ದಾರಗಳಿಂದ ಚಿಕಿತ್ಸೆ ಮಾಡುವುದನ್ನೂ ಅಪರಾಧವೆಂದು ಪರಿಗಣಿಸಿದೆ.